ಕಡತದಲ್ಲಿ ತಿದ್ದಿದ ಸಾಲು

ಸಂಶೋಧನಾ ನೀತಿಯ ಪಾಠದಲ್ಲಿ ನಾನು ಪ್ರತಿ ವರ್ಷ ಒಂದು ಪ್ರಶ್ನೆ ಇಡುತ್ತೇನೆ. ಯುದ್ಧ ಮುಗಿದಿದೆ. ಸೋತ ದೇಶದ ವಿಜ್ಞಾನಿ ಎದುರಿಗೆ ಕೂತಿದ್ದಾನೆ. ಅವನ ವಿದ್ಯೆ ನಿಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಕೆಲಸಕ್ಕೆ ಸೇರಿಸಿಕೊಳ್ಳುತ್ತೀರಾ?

‘ನಾವು ಬಿಟ್ಟರೆ ಇನ್ನೊಬ್ಬರು ಕರೆದೊಯ್ಯುತ್ತಾರಲ್ವಾ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಭಯ ಸುಳ್ಳಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರ ಅಕ್ಟೋಬರ್ 22ರಂದು ಸೋವಿಯತ್ ಒಕ್ಕೂಟ 2,000ಕ್ಕೂ ಹೆಚ್ಚು ಜರ್ಮನ್ ತಜ್ಞರನ್ನು ಮನೆಮಂದಿ ಸಮೇತ ರೈಲು ಹತ್ತಿಸಿ ತನ್ನಲ್ಲಿಗೆ ಒಯ್ದಿತು. ಹಾಗಾಗಿ ಸೇರಿಸಿಕೊಂಡಿದ್ದೇ ಪಾಪ ಎಂದು ನಾನು ಹೇಳುವುದಿಲ್ಲ. ನನ್ನ ತಕರಾರು ಕಡತ ತಿದ್ದಿದ್ದರ ಬಗ್ಗೆ.

ಜರ್ಮನ್ ವಿಜ್ಞಾನಿಗಳನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ಅಮೆರಿಕದ ಯೋಜನೆ ‘ಆಪರೇಷನ್ ಪೇಪರ್‌ಕ್ಲಿಪ್’ ಸುಮಾರು 1,600 ಜನರನ್ನು ಕರೆತಂದಿತು. ಅಧ್ಯಕ್ಷ ಟ್ರೂಮನ್ 1946ರಲ್ಲಿ ಒಪ್ಪಿದ ನಿಯಮ ಸ್ಪಷ್ಟವಾಗಿತ್ತು: ನಾಜಿ ಪಕ್ಷದಲ್ಲಿ ಸುಮ್ನೆ ಹೆಸರಿಗೆ ಇದ್ದವರು ಬರಬಹುದು, ಮನಸಾರೆ ದುಡಿದವರು ಬೇಡ. ಆದರೆ ಬೇಕಾದವರ ಬಗ್ಗೆ ಬಂದ ಕೆಟ್ಟ ವರದಿಗಳನ್ನು ಅಧಿಕಾರಿಗಳು ಮೆತ್ತಗೆ ಮಾಡಿ ಮತ್ತೆ ಬರೆಸಿದರು.

ಆ ವರದಿಗಳ ಹಿಂದೆ ಡೋರಾ ಎಂಬ ನಾಜಿ ಕೈದಿ ಶಿಬಿರವಿತ್ತು. ಜರ್ಮನಿಯ ನಾರ್ಡ್‌ಹೌಸೆನ್ ಹತ್ತಿರ ಬೆಟ್ಟದೊಳಗಿನ ಸುರಂಗದಲ್ಲಿ ಕೈದಿಗಳು ವಿ-2 ಎಂಬ ಯುದ್ಧ ರಾಕೆಟ್ ತಯಾರಿಸುತ್ತಿದ್ದರು. ಮೊದಲ ತಿಂಗಳುಗಳಲ್ಲಿ ಅವರು ಮಲಗುತ್ತಿದ್ದದ್ದೂ ಆ ಸುರಂಗದಲ್ಲೇ. ಶಿಬಿರಕ್ಕೆ ಬಂದ ಸುಮಾರು 60,000 ಜನರಲ್ಲಿ 20,000ದಷ್ಟು ಮಂದಿ ಸತ್ತರು. ಆ ರಾಕೆಟ್ಟಿನ ಹಿಂದಿನ ತಲೆ, ಅಮೆರಿಕ ಕರೆತಂದವರಲ್ಲಿ ಒಬ್ಬರಾದ ವೆರ್ನರ್ ಫಾನ್ ಬ್ರಾನ್. ಅವರು ನಾಜಿ ಪಕ್ಷದ ಪಡೆಯಾದ ಎಸ್‌ಎಸ್‌ನ ಅಧಿಕಾರಿಯೂ ಹೌದು. ಬುಖೆನ್‌ವಾಲ್ಡ್ ಶಿಬಿರಕ್ಕೆ ತಾವೇ ಹೋಗಿ ಕುಶಲ ಕೈದಿಗಳನ್ನು ಹುಡುಕಿದ್ದಾಗಿ 1944ರ ಆಗಸ್ಟ್‌ನಲ್ಲಿ ಅವರೇ ಪತ್ರ ಬರೆದಿದ್ದಾರೆ. ಈ ಪತ್ರ ಓದಿದ ಮೇಲೆ ‘ಅವರಿಗೆ ರಾಕೆಟ್ ಬಿಟ್ಟು ಬೇರೇನೂ ಗೊತ್ತಿರಲಿಲ್ಲ’ ಎಂಬ ವಾದ ನನ್ನ ಮಟ್ಟಿಗೆ ನಿಲ್ಲುವುದಿಲ್ಲ.

ವಿಚಾರಣೆ ಅಸಾಧ್ಯವಾಗಿತ್ತೇ? ಇಲ್ಲ. ಅದೇ ಕಾರ್ಖಾನೆಯ ಮುಖ್ಯಸ್ಥ ಗೇಯೋರ್ಗ್ ರಿಖೈ ಅಮೆರಿಕಕ್ಕೆ ಬಂದಾಗಿತ್ತು. 1947ರಲ್ಲಿ ಅವರನ್ನು ವಾಪಸ್ ಕಳಿಸಿ ಕಟಕಟೆಗೆ ನಿಲ್ಲಿಸಿದರು. ಅವರು ಖುಲಾಸೆಯಾದರು, ನಿಜ. ಆದರೂ ಪ್ರಶ್ನೆ ಕೇಳಿದ್ದಾಯಿತು, ಸಾಕ್ಷಿಗಳು ಮಾತಾಡಿದರು. ಉಳಿದವರಿಗೂ ಕನಿಷ್ಠ ಇಷ್ಟಾದರೂ ಆಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಜಪಾನ್ ಸೇನೆಯಲ್ಲಿ ರೋಗಾಣು ಅಸ್ತ್ರಗಳ ಕೆಲಸ ಮಾಡುತ್ತಿದ್ದ 731ನೇ ಘಟಕದ ವಿಷಯದಲ್ಲಿ ಅದೂ ಆಗಲಿಲ್ಲ. ಚೀನಾದ ಹಾರ್ಬಿನ್ ಬಳಿಯ ಪಿಂಗ್‌ಫಾಂಗ್‌ನಲ್ಲಿ ಘಟಕದ ಮುಖ್ಯಸ್ಥ ಷಿರೋ ಇಷಿಯ ತಂಡ ಬದುಕಿದ್ದ ಮನುಷ್ಯರಿಗೆ ಪ್ಲೇಗ್ ತಗುಲಿಸಿ, ದೇಹ ಸೀಳಿ ನೋಡಿತು. ಅಮೆರಿಕ ಅವರ ಪ್ರಯೋಗದ ದಾಖಲೆ ಪಡೆದು, ಬದಲಿಗೆ ವಿಚಾರಣೆಯಿಂದ ರಕ್ಷಣೆ ಕೊಟ್ಟಿತು. ಅದೇ ಹೊತ್ತಿಗೆ ನ್ಯೂರೆಂಬರ್ಗ್‌ನಲ್ಲಿ ಇಂಥದ್ದೇ ಪ್ರಯೋಗಗಳಿಗಾಗಿ ಜರ್ಮನ್ ವೈದ್ಯರ ವಿಚಾರಣೆ ನಡೆದಿತ್ತು! ಒಪ್ಪಿಗೆಯಿಲ್ಲದೆ ಮನುಷ್ಯರ ಮೇಲೆ ಪ್ರಯೋಗ ಸಲ್ಲದು ಎಂಬ ನಾನು ಕಲಿಸುವ ನಿಯಮ 1947ರ ಆ ತೀರ್ಪಿನಲ್ಲೇ ಇದೆ. ಇಷಿ 1959ರಲ್ಲಿ ತೀರಿಕೊಂಡರು. ಒಂದು ದಿನವೂ ನ್ಯಾಯಾಲಯದ ಮೆಟ್ಟಿಲು ಹತ್ತಲಿಲ್ಲ.

ಡೋರಾ ಕಾರ್ಖಾನೆಯಲ್ಲಿ ಉತ್ಪಾದನೆ ನೋಡಿಕೊಂಡಿದ್ದ ಆರ್ಥರ್ ರುಡಾಲ್ಫ್ ಮುಂದೆ ಚಂದ್ರನತ್ತ ಹಾರಿದ ಸ್ಯಾಟರ್ನ್-5 ರಾಕೆಟ್ ಯೋಜನೆಯ ವ್ಯವಸ್ಥಾಪಕರಾದರು. ನಾಸಾ ಪದಕ ಕೊಟ್ಟಿತು. ಕೈದಿಗಳ ದುಡಿಮೆಯ ಬಗ್ಗೆ ಸರ್ಕಾರಿ ವಕೀಲರು ಅವರನ್ನು ಕೂರಿಸಿ ಕೇಳಿದ್ದು 1980ರ ದಶಕದಲ್ಲಿ. 1984ರಲ್ಲಿ ಅವರು ಪೌರತ್ವ ಬಿಟ್ಟುಕೊಟ್ಟು ಜರ್ಮನಿಗೆ ಮರಳಿದರು. ಅಷ್ಟರಲ್ಲಿ ಸುರಂಗ ಮುಚ್ಚಿ ಸುಮಾರು 40 ವರ್ಷ ಕಳೆದಿತ್ತು.