ನೀರು ವಾಪಸ್ ಬಂತು, ಜೀವಿಗಳು ಬಂದವಾ?

ನೆದರ್‌ಲ್ಯಾಂಡ್ಸ್‌ನ ಪೀಟ್ ಜೌಗಿನ ಸುದ್ದಿ ಬಂದರೆ ಈಗ ಜೊತೆಗೇ ಸಾರಜನಕ, ಹಸು, ಕೋರ್ಟು ಎಲ್ಲವೂ ಬರುತ್ತವೆ. ಈ ಗದ್ದಲದಲ್ಲಿ ಆ ನೀರಲ್ಲೇ ಬದುಕುವ ಜೀವಿಗಳ ಮಾತು ಮಾತ್ರ ಕೇಳಿಸುವುದಿಲ್ಲ.

ಪೀಟ್ ಅಂದರೆ ಪೂರ್ತಿ ಕೊಳೆಯದೆ ಸಾವಿರಾರು ವರ್ಷಗಳಿಂದ ಪದರ ಪದರವಾಗಿ ಕೂತ ಪಾಚಿ. ನಾವು ಹೂಕುಂಡಕ್ಕೆ ಹಾಕುವ ಕೋಕೋಪೀಟ್‌ಗೆ ಆ ಹೆಸರು ಬಂದದ್ದೂ ಇದರಿಂದಲೇ. ಸ್ಫ್ಯಾಗ್ನಮ್ ಎಂಬ ಈ ಪಾಚಿಯನ್ನು ಒಂದು ಹಿಡಿ ಹಿಂಡಿದರೆ ತೆಳು ಡಿಕಾಕ್ಷನ್ ಬಣ್ಣದ ಹುಳಿ ನೀರು ಸುರಿಯುತ್ತದೆ. ಅದರ ಒಂದು ತೊಟ್ಟನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ರೋಟಿಫರ್ ಎಂಬ ಸೂಕ್ಷ್ಮ ಪ್ರಾಣಿಗಳು ಬಾಯಿ ಸುತ್ತಲಿನ ರೋಮಗಳನ್ನು ಚಕ್ರ ತಿರುಗಿಸಿದಂತೆ ಆಡಿಸುತ್ತಾ ಊಟ ಎಳೆದುಕೊಳ್ಳುತ್ತಿರುತ್ತವೆ. ಹೆಚ್ಚಿನವು ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಒಂದು ಜಾತಿ ಹೂಜಿಯಂಥ ಗೂಡು ಕಟ್ಟಿಕೊಳ್ಳುತ್ತದೆ. ಜೀವಿ ಸತ್ತ ಮೇಲೂ ಆ ಹೂಜಿ ಪೀಟ್‌ನೊಳಗೆ ಉಳಿಯುತ್ತದೆ. ಇನ್ನೊಂದು, ಪಾಚಿಯ ಖಾಲಿ ಜೀವಕೋಶದ ತೂತಿನಿಂದ ಒಳಹೊಕ್ಕು ಅಲ್ಲೇ ಸಂಸಾರ ಹೂಡುತ್ತದೆ.

ಶತಮಾನಗಳ ಕಾಲ ಡಚ್ಚರು ಕಾಲುವೆ ತೋಡಿ, ನೀರು ಬಸಿದು, ಪೀಟ್ ಕಡಿದು ಒಲೆಗೆ ಹಾಕಿದರು. ಡ್ರೆಂತೆ ಪ್ರಾಂತ್ಯದ ಬಾರ್ಗರ್‌ವೇನ್‌ನಲ್ಲಿ ಕಡಿಯುವುದು ನಿಂತದ್ದು 1992ರಲ್ಲಿ. ಅಷ್ಟರಲ್ಲಿ ದೇಶದಲ್ಲಿ ಉಳಿದದ್ದು ತುಂಡು ತುಂಡು ಜೌಗು.

ಉಳಿದ ಜೌಗಿನಲ್ಲಿ ಒಡ್ಡು ಕಟ್ಟಿ ಮಳೆನೀರು ನಿಲ್ಲಿಸಿದರು. ಒಳ್ಳೆಯ ಕೆಲಸವೇ. ಆದರೆ ಸಂಶೋಧಕರು ಬಲೆ ಹಿಡಿದು ನೀರಿಗಿಳಿದಾಗ ಕಂಡದ್ದು ಬೇರೆ. ರೋಟಿಫರ್ ಮತ್ತು ನೀರುಚಿಗಟದಂಥ ಪುಟಾಣಿಗಳು ಹೊಸ ನೀರಲ್ಲೂ ಚೆನ್ನಾಗಿದ್ದವು. ಅವುಗಳ ಮೊಟ್ಟೆ ಒಣಗಿದರೂ ಸಾಯದೆ ಗಾಳಿಯಲ್ಲಿ, ಹಕ್ಕಿಗಳ ಕಾಲಲ್ಲಿ ಊರೂರು ಸುತ್ತಬಲ್ಲವು. ಸ್ವಲ್ಪ ದೊಡ್ಡ ಜೀವಿಗಳ ಕಥೆ ಹಾಗಲ್ಲ. ಜೌಗಿಗೇ ಮೀಸಲಾದ ಎಷ್ಟೋ ನೀರುಜೀರುಂಡೆ, ಕ್ಯಾಡಿಸ್ ಹುಳುಗಳು (ಪತಂಗದಂಥ ಕೀಟದ ನೀರಲ್ಲಿ ಬೆಳೆಯುವ ಮರಿಗಳು) ಹೊಸ ನೀರಲ್ಲಿ ಸಿಗಲೇ ಇಲ್ಲ. ಅವು ಇದ್ದದ್ದು ಹಿಂದೆ ಪೀಟ್ ಕಡಿದು ಆಮೇಲೆ ಯಾರೂ ಮುಟ್ಟದೆ ಬಿಟ್ಟ ಹಳೆ ಗುಂಡಿಗಳಲ್ಲಿ. ಒಂದು ಗುಂಡಿ ಆಳ, ಒಂದು ತೆಳು, ಇನ್ನೊಂದರಲ್ಲಿ ಪಾಚಿ ಜಾಸ್ತಿ. ಈ ಏರುಪೇರೇ ಅವಕ್ಕೆ ಮನೆ. ಎಲ್ಲ ಕಡೆ ಒಮ್ಮೆಗೇ ನೀರು ಏರಿಸಿದರೆ ಆ ಮನೆಯೂ ಮುಳುಗುತ್ತದೆ ಅಲ್ವಾ? ಹಂತ ಹಂತವಾಗಿ ಏರಿಸಿ ಎಂದು ಸಂಶೋಧಕರು ಹೇಳಿದ್ದು ಇದಕ್ಕೇ.

ಇದರ ಮೇಲೆ ಸಾರಜನಕ. ಇಂಥ ಜೌಗು ತಡೆಯುವುದು ಹೆಕ್ಟೇರಿಗೆ ವರ್ಷಕ್ಕೆ ಸುಮಾರು 7 ಕಿಲೋ. ಕೊಟ್ಟಿಗೆ, ಗೊಬ್ಬರ, ವಾಹನಗಳಿಂದ ಗಾಳಿ ಸೇರಿ ಬೀಳುವುದು ಅದಕ್ಕಿಂತ ಎಷ್ಟೋ ಜಾಸ್ತಿ. ಆಗ ಪಾಚಿಯನ್ನು ಹಿಂದೆ ತಳ್ಳಿ ಹುಲ್ಲು, ಬರ್ಚ್ ಗಿಡ ಎದ್ದುಬಿಡುತ್ತವೆ. 2019ರ ಮೇ ತಿಂಗಳಲ್ಲಿ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಸಾರಜನಕ ಹೊರಬಿಡುವ ಕೆಲಸಗಳಿಗೆ ಪರವಾನಗಿ ಕೊಡುತ್ತಿದ್ದ ವ್ಯವಸ್ಥೆಯನ್ನು ರದ್ದು ಮಾಡಿತು. ಅಲ್ಲಿಂದ ಚರ್ಚೆಯೆಲ್ಲ ಕಿಲೋ ಲೆಕ್ಕದಲ್ಲೇ ಸಿಕ್ಕಿಕೊಂಡಿದೆ. ಯಾವ ಗುಂಡಿಯಲ್ಲಿ ಯಾವ ಜೀರುಂಡೆ ಉಳಿದಿದೆ ಎಂಬ ಲೆಕ್ಕವೂ ಅದೇ ಮೇಜಿಗೆ ಬರಬೇಕು, ಒಡ್ಡು ಎತ್ತರಿಸುವ ಮೊದಲೇ.