ಕಡೇವರೆಗೂ ಅಂದ್ರೆ ಎಲ್ಲೀವರೆಗೆ?

ಹೆಸರು ಅವ್ರೇಲಿಯಸ್ ಡಯೋಜಿನಿಸ್. ವಯಸ್ಸು 72. ಬಲ ಹುಬ್ಬಿನ ಮೇಲೆ ಗಾಯದ ಗುರುತು. ಈಜಿಪ್ಟಿನ ಫಯೂಮ್ ಸೀಮೆಯಲ್ಲಿ 'ಅಲೆಕ್ಸಾಂಡರನ ದ್ವೀಪ' ಅನ್ನುವ ಹಳ್ಳಿಯವನು. ಇವನ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಒಂದು ಪಪೈರಸ್ ಚೂರಿನಿಂದ. ಅದೊಂದು ಅರ್ಜಿ. ಊರಿನ ಬಲಿ ಮೇಲ್ವಿಚಾರಣಾ ಸಮಿತಿಗೆ ಬರೆದದ್ದು. "ನಾನು ಯಾವತ್ತೂ ದೇವತೆಗಳಿಗೆ ಬಲಿ ಕೊಡುತ್ತಾ ಬಂದವನೇ. ಈಗ ಆಜ್ಞೆಯ ಪ್ರಕಾರ ನಿಮ್ಮ ಕಣ್ಣೆದುರೇ ಬಲಿ ಕೊಟ್ಟಿದ್ದೇನೆ, ಪಾನ ಅರ್ಪಿಸಿದ್ದೇನೆ, ಬಲಿಯ ಮಾಂಸ ತಿಂದಿದ್ದೇನೆ. ದೃಢೀಕರಿಸಿ ಕೊಡಬೇಕೆಂದು ಕೋರುತ್ತೇನೆ." ಧಾಟಿ ನೋಡಿ. ಯಾವ ಕಾಲದ ಯಾವ ಕಚೇರಿಗಾದರೂ ಹೊಂದುತ್ತೆ. ತಾರೀಖು ನಮ್ಮ ಲೆಕ್ಕದಲ್ಲಿ ಕ್ರಿ.ಶ. 250ರ ಜೂನ್ 26.

ಡಯೋಜಿನಿಸ್ ಕ್ರೈಸ್ತನಾಗಿದ್ದನೋ ಇಲ್ಲವೋ ಈ ಕಾಗದ ಹೇಳುವುದಿಲ್ಲ. ರೋಮನ್ ಚಕ್ರವರ್ತಿ ಡೀಸಿಯಸ್‌ನ ಆಜ್ಞೆ ಇದ್ದದ್ದು ಎಲ್ಲರಿಗೂ. ಬಲಿ ಕೊಡು, ಚೀಟಿ ತಗೋ, ಅಷ್ಟೇ. ಇಂಥ ಚೀಟಿಗಳು 40ಕ್ಕೂ ಹೆಚ್ಚು ಸಿಕ್ಕಿವೆ. ಉಳಿದವರಿಗೆ ಇದು ಒಂದು ದಿನದ ಓಡಾಟ. ಕ್ರೈಸ್ತರಿಗೆ ಮಾತ್ರ ಇದರ ಹಿಂದೆ ಯೇಸುವಿನ ಒಂದು ಮಾತು ನಿಂತಿತ್ತು: "ಕಡೇವರೆಗೂ ತಾಳುವವನು ರಕ್ಷಣೆ ಹೊಂದುವನು."

ಮತ್ತಾಯನ ಸುವಾರ್ತೆ 24ನೇ ಅಧ್ಯಾಯ, 13ನೇ ವಚನ. ಅಂತ್ಯಕಾಲದ ಬಗ್ಗೆ ಎಲ್ಲೇ ಪ್ರಸಂಗ ನಡೆದರೂ ಈ ಸಾಲು ಬಂದೇ ಬರುತ್ತದೆ. ಓದಲು ಸರಳ. ಆದರೆ ಇದರೊಳಗೆ ಎರಡು ತಕರಾರುಗಳಿವೆ. ಕಡೆ ಅಂದರೆ ಯಾವುದರ ಕಡೆ? ತಾಳಲು ಆಗದೇ ಹೋದವನ ಗತಿ ಏನು? ಎರಡು ಸಾವಿರ ವರ್ಷದ ಜಗಳ ಈ ಎರಡು ಪ್ರಶ್ನೆಗಳ ಸುತ್ತಲೇ ತಿರುಗಿದೆ. ಅದರಲ್ಲೂ ಎರಡನೆಯದು ಕ್ರೈಸ್ತ ಸಭೆಗಳನ್ನೇ ಒಡೆದಿದೆ. 'ಅಂತ್ಯ ಯಾವಾಗ' ಅನ್ನುವ ಲೆಕ್ಕಾಚಾರಕ್ಕಿಂತ ಬಿದ್ದವರ ವಿಷಯವೇ ನನಗೆ ಈ ಚರಿತ್ರೆಯ ತಿರುಳು ಅನಿಸುತ್ತದೆ.

ಮೊದಲು ಆ ಮಾತು ಹುಟ್ಟಿದ ಜಾಗಕ್ಕೆ ಹೋಗೋಣ. ಯೇಸು ಎಣ್ಣೆಮರಗಳ ಗುಡ್ಡದ ಮೇಲೆ ಕೂತಿದ್ದಾನೆ. ಎದುರಿಗೆ ಯೆರೂಸಲೇಮಿನ ದೇವಾಲಯ. ಕಲ್ಲಿನ ಮೇಲೆ ಕಲ್ಲು ಉಳಿಯದ ಹಾಗೆ ಅದು ಕೆಡವಲ್ಪಡುತ್ತದೆ ಎಂದು ಆಗಷ್ಟೇ ಹೇಳಿದ್ದಾನೆ. ಶಿಷ್ಯರು ಗಾಬರಿಯಾಗಿ ಒಂದೇ ಉಸಿರಿನಲ್ಲಿ ಕೇಳುತ್ತಾರೆ: ಇದು ಯಾವಾಗ? ನಿನ್ನ ಬರೋಣಕ್ಕೂ ಯುಗದ ಸಮಾಪ್ತಿಗೂ ಸೂಚನೆ ಏನು? ದೇವಾಲಯದ ಕಡೆ, ಯುಗದ ಕಡೆ, ಎರಡೂ ಕಲಸಿಹೋಗಿರುವುದು ಇಲ್ಲಿಂದಲೇ. ಕ್ರಿ.ಶ. 70ರಲ್ಲಿ ರೋಮನ್ ಸೇನಾಪತಿ ಟೈಟಸ್‌ನ ಸೈನ್ಯ ಆ ದೇವಾಲಯವನ್ನು ಸುಟ್ಟು ಕೆಡವಿತು. ಅಲ್ಲಿಂದ ಹೊತ್ತೊಯ್ದ ಏಳು ಕೊಂಬೆಯ ದೀಪಸ್ತಂಭದ ಕೆತ್ತನೆಯನ್ನು ರೋಮ್‌ನಲ್ಲಿರುವ ಟೈಟಸ್‌ನ ಕಮಾನಿನ ಮೇಲೆ ಈಗಲೂ ನೋಡಬಹುದು. ದೇವಾಲಯದ ಕಡೆ ಬಂದು ಹೋಯಿತು. ಯುಗದ ಕಡೆ ಬರಲಿಲ್ಲ.

ತಾಳುವುದು ಅನ್ನುವ ಪದವನ್ನೂ ಸ್ವಲ್ಪ ನೋಡಬೇಕು. ಗ್ರೀಕ್ ಮೂಲದಲ್ಲಿರುವುದು ಹುಪೊಮೆನೋ. 'ಹುಪೊ' ಅಂದರೆ ಕೆಳಗೆ, 'ಮೆನೋ' ಅಂದರೆ ಉಳಿ. ಯುದ್ಧದಲ್ಲಿ ಜಾಗ ಬಿಟ್ಟು ಓಡದೆ ನಿಲ್ಲುವುದಕ್ಕೂ ಇದೇ ಪದ. ಸುಮ್ನೆ ಕಾಯುತ್ತಾ ಕೂರುವ ಅರ್ಥ ಇದರಲ್ಲಿಲ್ಲ. ನಮ್ಮ 'ತಾಳು' ಇದಕ್ಕೆ ಚೆನ್ನಾಗಿ ಕೂರುತ್ತದೆ. ಮನೆಯ ತೊಲೆ ಭಾರ ತಾಳುತ್ತದಲ್ವಾ, ಆ ತಾಳುವಿಕೆ. ತಾಳಿದವನು ಬಾಳಿಯಾನು ಅಂತ ಕೇಳಿ ಬೆಳೆದ ಕಿವಿಗೆ ಈ ವಚನ ಅರ್ಧ ಪರಿಚಿತವೇ ಅನಿಸೀತು.

ಯೇಸು ಬೇಗ ಬರುತ್ತಾನೆ ಎಂದೇ ಮೊದಲ ತಲೆಮಾರು ನಂಬಿತ್ತು. ಸುಮಾರು ಕ್ರಿ.ಶ. 50ರ ಹೊತ್ತಿಗೆ ಪೌಲ ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದಲ್ಲಿ ಅವರ ಚಿಂತೆ ಕಾಣುತ್ತದೆ. ಅವನು ಬರುವ ಮೊದಲೇ ನಮ್ಮವರು ಕೆಲವರು ಸತ್ತುಹೋದರಲ್ಲ, ಅವರ ಗತಿ? ಸತ್ತವರೇ ಮೊದಲು ಏಳುತ್ತಾರೆ, ಆಮೇಲೆ ಬದುಕಿರುವವರು ಮೇಘಗಳಲ್ಲಿ ಒಯ್ಯಲ್ಪಡುತ್ತಾರೆ ಎಂದು ಪೌಲ ಸಮಾಧಾನ ಹೇಳುತ್ತಾನೆ. ಎರಡನೇ ಪತ್ರದಲ್ಲಿ ಬೇರೆ ತಲೆನೋವು. ಕೆಲವರು ಕೆಲಸವನ್ನೇ ಬಿಟ್ಟು ಕೂತಿದ್ದಾರೆ. ದುಡಿಯಲು ಮನಸ್ಸಿಲ್ಲದವನು ಊಟವನ್ನೂ ಮಾಡಬಾರದು ಎಂದು ಖಡಕ್ಕಾಗಿ ಬರೆಯಬೇಕಾಯಿತು.

ಬೈಬಲಿನ ಕೊನೆಯದಾದ ಪ್ರಕಟನೆ ಪುಸ್ತಕದ ಹೊತ್ತಿಗೆ, ಅಂದರೆ ಬಹುಮಟ್ಟಿಗೆ ಒಂದನೇ ಶತಮಾನದ ಕೊನೆಗೆ, ಧಾಟಿಯೇ ಬದಲಾಗುತ್ತದೆ. ಪತ್ಮೋಸ್ ದ್ವೀಪದಿಂದ ಯೋಹಾನ ಏಳು ಸಭೆಗಳಿಗೆ ಬರೆಯುತ್ತಾನೆ. ಏಳೂ ಇರುವುದು ಇಂದಿನ ಟರ್ಕಿಯಲ್ಲಿ. ಸ್ಮುರ್ನದ ಸಭೆಗೆ ಹೇಳುವುದು ಇಷ್ಟು: ಸಾಯಬೇಕಾಗಿ ಬಂದರೂ ನಂಬಿಗಸ್ತನಾಗಿರು, ಜೀವದ ಜಯಮಾಲೆ ಕೊಡುತ್ತೇನೆ. ಕಡೆ ಅನ್ನುವುದು ಇಲ್ಲಿ ಸದ್ದಿಲ್ಲದೆ ಜಾಗ ಬದಲಿಸಿತು. ಲೋಕದ ಕೊನೆಯ ಜಾಗಕ್ಕೆ ನಂಬಿದವನ ಸ್ವಂತ ಸಾವು ಬಂದು ಕೂತಿತು.

ಅದೇ ಸ್ಮುರ್ನದ ಬಿಷಪ್ ಪಾಲಿಕಾರ್ಪ್‌ನನ್ನು ಸುಮಾರು 155ರಲ್ಲಿ ಕೊಂದರು. ಕ್ರಿಸ್ತನನ್ನು ಶಪಿಸು, ಬಿಟ್ಟುಬಿಡ್ತೀನಿ ಅಂದ ಅಧಿಕಾರಿಗೆ, "86 ವರ್ಷ ಅವನ ಸೇವೆ ಮಾಡಿದ್ದೇನೆ, ಅವನು ನನಗೆ ಯಾವ ಕೇಡೂ ಮಾಡಿಲ್ಲ" ಅಂದ ಮುದುಕ ಇವನು. ಈ ಕಥೆ ಎಲ್ಲರಿಗೂ ಗೊತ್ತು. ಅದೇ ವರದಿಯಲ್ಲಿ ಇನ್ನೊಬ್ಬನಿದ್ದಾನೆ, ಅವನನ್ನು ಯಾರೂ ನೆನೆಸುವುದಿಲ್ಲ. ಫ್ರಿಜಿಯಾದ ಕ್ವಿಂಟಸ್. ತಾನೇ ಮುಂದೆ ಬಿದ್ದು ಶರಣಾದ, ಬೇರೆಯವರನ್ನೂ ಹುರಿದುಂಬಿಸಿ ಕರೆತಂದ. ಕಾಡುಮೃಗಗಳನ್ನು ಕಂಡದ್ದೇ ತಡ, ಎದೆ ನಡುಗಿತು. ಬಲಿ ಕೊಟ್ಟು ಪಾರಾದ. ಆದ್ದರಿಂದ ತಾವಾಗಿ ಹೋಗಿ ಸಿಕ್ಕಿಬೀಳುವವರನ್ನು ನಾವು ಹೊಗಳುವುದಿಲ್ಲ ಎಂದು ಆ ವರದಿ ಬರೆದ ಸಭೆ ಹೇಳುತ್ತದೆ. ಸುಮ್ಮನೆ ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೂ ಕ್ವಿಂಟಸ್‌ನ ಹೆಸರನ್ನು ಅಳಿಸದೆ ಇಟ್ಟರಲ್ಲ, ಅದು ನನಗೆ ಹಿಡಿಸಿತು.

ಡೀಸಿಯಸ್‌ನ ಕಾಲಕ್ಕೆ ಕ್ವಿಂಟಸ್‌ನಂಥವರು ಒಬ್ಬಿಬ್ಬರಲ್ಲ. ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಜನ ಸಾಲುಗಟ್ಟಿ ಬಲಿ ಕೊಟ್ಟರು. ಕೆಲವರು ಉಪಾಯ ಹುಡುಕಿದರು. ಬಲಿ ಕೊಡದೇ ದುಡ್ಡು ಕೊಟ್ಟು ಚೀಟಿ ಮಾತ್ರ ಮಾಡಿಸಿಕೊಂಡರು. ಡೀಸಿಯಸ್ 251ರಲ್ಲಿ ಗಾತ್‌ರ ವಿರುದ್ಧದ ಯುದ್ಧದಲ್ಲಿ ಸತ್ತ. ಬಿದ್ದವರು ಸಭೆಯ ಬಾಗಿಲು ತಟ್ಟಿದರು. ಒಳಗೆ ಬಿಡಬೇಕಾ?

ಇಲ್ಲಿ ಪಾಡು ಬಿದ್ದವನು ಕಾರ್ಥೇಜಿನ ಬಿಷಪ್ ಸಿಪ್ರಿಯನ್. ಅವನೂ ಆ ದಿನಗಳಲ್ಲಿ ಅಡಗಿ ಕೂತಿದ್ದವನೇ, ಹಾಗಾಗಿ ಬಾಯಿ ಬಿಗಿಹಿಡಿದೇ ಮಾತಾಡಬೇಕು. ಅತ್ತ ಜೈಲಿನಲ್ಲಿ ಚಿತ್ರಹಿಂಸೆ ತಿಂದು ಗಟ್ಟಿಯಾಗಿ ನಿಂತವರು ಬಿದ್ದವರಿಗೆ ಕ್ಷಮಾಪತ್ರ ಬರೆದುಕೊಡುತ್ತಿದ್ದರು. 'ಇಂಥವನನ್ನೂ ಅವನ ಕಡೆಯವರನ್ನೂ ಸೇರಿಸಿಕೊಳ್ಳಿ' ಎಂದು ಒಂದೇ ಚೀಟಿ. ಕಡೆಯವರು ಅಂದರೆ ಎಷ್ಟು ಜನ, ಇಪ್ಪತ್ತೋ ಮೂವತ್ತೋ ಎಂದು ಸಿಪ್ರಿಯನ್ ರೇಗಿದ. ರೋಮ್‌ನಲ್ಲಿ ನೊವೇಶಿಯನ್ ಎಂಬ ಹಿರಿಯ, ಬಿದ್ದವರಿಗೆ ಸಭೆ ಕ್ಷಮೆ ಕೊಡಲೇಬಾರದು ಎಂದು ಹಟ ಹಿಡಿದು ಬೇರೆಯೇ ಸಭೆ ಕಟ್ಟಿದ. ಕಾರ್ಥೇಜಿನ ಬಿಷಪರು 251ರಲ್ಲಿ ಸೇರಿ ನಡುದಾರಿ ಹಿಡಿದರು. ಚೀಟಿ ಮಾತ್ರ ಕೊಂಡವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳೋಣ. ನಿಜವಾಗಿ ಬಲಿ ಕೊಟ್ಟವರು ಪ್ರಾಯಶ್ಚಿತ್ತದಲ್ಲಿರಲಿ, ಸಾಯುವ ಹೊತ್ತಿಗೆ ನೋಡೋಣ.

ಸ್ವಲ್ಪ ದಿನಕ್ಕೇ ಮತ್ತೆ ಹಿಂಸೆಯ ಗಾಳಿ ಬೀಸಿತು. ಕ್ರಿಸ್ತವಿರೋಧಿಯ ಕಾಲ ಹತ್ತಿರ ಬಂದಿದೆ ಎಂದು ಸಿಪ್ರಿಯನ್ ನಂಬಿದ್ದ. ಹಾಗಾದರೆ ಬಿದ್ದವರನ್ನು ಇನ್ನಷ್ಟು ಬಿಗಿಯಾಗಿ ಹೊರಗಿಡಬೇಕು ಅನಿಸುತ್ತದಲ್ವಾ? ಅವನು ಅದಕ್ಕೆ ಉಲ್ಟಾ ಮಾಡಿದ. ಪ್ರಾಯಶ್ಚಿತ್ತದಲ್ಲಿರುವ ಎಲ್ಲರನ್ನೂ ಈಗಲೇ ಒಳಗೆ ಸೇರಿಸಿಕೊಳ್ಳಿ, ಬರಿಗೈಯಲ್ಲಿ ಅವರನ್ನು ಯುದ್ಧಕ್ಕೆ ಕಳಿಸಬಾರದು ಅಂದ. ಅಂತ್ಯದ ಹೆಸರಿನಲ್ಲಿ ಬಾಗಿಲು ತೆರೆದ ಉದಾಹರಣೆ ಚರಿತ್ರೆಯಲ್ಲಿ ಜಾಸ್ತಿ ಇಲ್ಲ, ಅದಕ್ಕೇ ಇಷ್ಟು ಹೊತ್ತು ಇಲ್ಲಿ ನಿಂತೆ. 258ರಲ್ಲಿ ಸಿಪ್ರಿಯನ್‌ನ ತಲೆ ಕಡಿದರು. ಆಗ ಅವನು ಓಡಲಿಲ್ಲ.

303ರಲ್ಲಿ ಚಕ್ರವರ್ತಿ ಡಯೋಕ್ಲೀಶಿಯನ್ ಕ್ರೈಸ್ತರ ಪವಿತ್ರ ಗ್ರಂಥಗಳನ್ನು ಸುಡಲು ಆಜ್ಞೆ ಮಾಡಿದ. ಪುಸ್ತಕ ಒಪ್ಪಿಸಿ ಪಾರಾದ ಬಿಷಪರು ಕೊಟ್ಟ ದೀಕ್ಷೆ ನಡೆಯುತ್ತಾ ಎಂಬ ಪ್ರಶ್ನೆಗೆ ಉತ್ತರ ಆಫ್ರಿಕದ ಸಭೆ ಎರಡು ಹೋಳಾಯಿತು. ಡೊನೇಟಿಸ್ಟರ ಒಡಕು ಎಂದು ಇದಕ್ಕೆ ಹೆಸರು. ನೂರು ವರ್ಷ ಕಳೆದರೂ ಆರದ ಆ ಜಗಳದಲ್ಲಿ ಇಳಿದವನು ಉತ್ತರ ಆಫ್ರಿಕದ್ದೇ ಬಿಷಪ್ ಆಗಸ್ಟಿನ್. ತನ್ನ ಕೊನೆಯ ವರ್ಷಗಳಲ್ಲಿ, ಸುಮಾರು 428–429ರಲ್ಲಿ, ಅವನು ಬೇರೊಂದು ವಾದದ ನಡುವೆ ಹೇಳಿದ್ದು ಮುಂದಿನ ಚರಿತ್ರೆಯನ್ನೇ ತಿರುಗಿಸಿತು. ಕೊನೆಯವರೆಗೆ ತಾಳುವ ಶಕ್ತಿ ಮನುಷ್ಯನ ಸ್ವಂತದ್ದಲ್ಲ, ಅದು ದೇವರ ದಾನ. ಯಾರಿಗೆ ಸಿಕ್ಕಿದೆ ಎನ್ನುವುದು ಸಾಯುವ ತನಕ ಗೊತ್ತಾಗುವುದಿಲ್ಲ. ಪ್ರಕಟನೆಯಲ್ಲಿ ಬರುವ ಸಾವಿರ ವರ್ಷದ ಆಳ್ವಿಕೆಯನ್ನೂ ಅವನು ಮುಂದೆಂದೋ ಬರುವ ರಾಜ್ಯ ಎಂದು ಓದಲಿಲ್ಲ. ಅದು ಈಗಿನ ಸಭೆಯ ಕಾಲವೇ ಅಂದ. ಅಂತ್ಯದ ಲೆಕ್ಕಕ್ಕೆ ತಣ್ಣೀರು ಬಿತ್ತು, ಸಾವಿನ ಗಳಿಗೆಯ ಭಯ ಬೆಳೆಯಿತು.

15ನೇ ಶತಮಾನದ ಯುರೋಪಿನಲ್ಲಿ ಚೆನ್ನಾಗಿ ಸಾಯುವುದು ಹೇಗೆ ಎಂದು ಕಲಿಸುವ ಚಿತ್ರಪುಸ್ತಕಗಳು ಓಡಾಡುತ್ತಿದ್ದವು. ಮರದ ಅಚ್ಚಿನ ಚಿತ್ರ. ಮಂಚದ ಮೇಲೆ ಬಡಕಲು ರೋಗಿ. ಸುತ್ತ ಕೊಂಬು, ಕೊಕ್ಕು, ಬಾಲದ ಪಿಶಾಚಿಗಳು. ಐದು ಬಗೆಯ ಪ್ರಲೋಭನೆಗಳು. ಮೊದಲನೆಯದು ನಂಬಿಕೆ ಬಿಡಿಸುವುದು. ಮೂರನೆಯದು ತಾಳ್ಮೆ ಕೆಡಿಸುವುದು. ಆ ಚಿತ್ರದಲ್ಲಿ ಸಿಟ್ಟಿಗೆದ್ದ ರೋಗಿ ಕಾಲಿನಿಂದ ಒದೆಯುತ್ತಾನೆ, ಮೇಜು ಮಗುಚಿ ಬಿದ್ದಿರುತ್ತದೆ. ಎಣ್ಣೆಮರಗಳ ಗುಡ್ಡದ ಮೇಲೆ ಹೇಳಿದ ಮಾತು ಒಂದು ಮಂಚದ ಅಳತೆಗೆ ಇಳಿದಿತ್ತು. ಕಥೋಲಿಕರ ಮರಿಯಮ್ಮನ ಜಪದಲ್ಲಿ 'ಈಗಲೂ ನಮ್ಮ ಮರಣದ ಸಮಯದಲ್ಲೂ' ಎಂದು ಬರುತ್ತದಲ್ಲ, ಆ ಭಾಗ 1568ರ ರೋಮನ್ ಪ್ರಾರ್ಥನಾ ಪುಸ್ತಕದಲ್ಲಿ ಅಧಿಕೃತವಾಗಿ ಸೇರಿತು.

ಅಷ್ಟರಲ್ಲಿ ಪ್ರೊಟೆಸ್ಟೆಂಟರು ಕಥೋಲಿಕರಿಂದ ಬೇರೆಯಾದ ಸುಧಾರಣೆಯ ಗದ್ದಲ ಶುರುವಾಗಿತ್ತು. ಕೊನೆಯವರೆಗೆ ತಾಳುತ್ತೇನೆ ಎಂದು ದೇವರೇ ವಿಶೇಷವಾಗಿ ತಿಳಿಸದ ಹೊರತು ಯಾರೂ ಖಚಿತವಾಗಿ ಹೇಳಿಕೊಳ್ಳಬಾರದು ಎಂದು 1547ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ತೀರ್ಮಾನಿಸಿತು. ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್‌ನ ಕಡೆಯವರು ಉಲ್ಟಾ ಹೊಡೆದರು. ದೇವರು ಆರಿಸಿಕೊಂಡವನು ಎಡವಬಹುದು, ಕಳೆದುಹೋಗುವುದಿಲ್ಲ. ಡಚ್ಚರ ನಾಡಿನ ಡಾರ್ಟ್‌ನಲ್ಲಿ 1618–19ರಲ್ಲಿ ನಡೆದ ಸಭೆ ಇದನ್ನೇ ಬರೆದಿಟ್ಟಿತು. ದಾವೀದ, ಪೇತ್ರ ಇಬ್ಬರೂ ಎಂಥಾ ಬೀಳು ಬಿದ್ದರು, ಆದರೂ ಎದ್ದರಲ್ಲ ಎಂದು ಉದಾಹರಣೆಯನ್ನೂ ಕೊಟ್ಟಿತು. 18ನೇ ಶತಮಾನದಲ್ಲಿ ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ ಒಪ್ಪಲಿಲ್ಲ. ನಿಜವಾದ ವಿಶ್ವಾಸಿಯೂ ಬಿದ್ದು ಹೋಗಬಹುದು ಅಂದ. ಇವತ್ತಿಗೂ ಒಬ್ಬರು ಬೈಬಲಿನ ಯೋಹಾನ 10ನ್ನು ತೆರೆಯುತ್ತಾರೆ, ನನ್ನವರನ್ನು ನನ್ನ ಕೈಯಿಂದ ಯಾರೂ ಕಿತ್ತುಕೊಳ್ಳಲಾರರು ಎಂದು ಯೇಸು ಹೇಳಿದ್ದಾನೆ ಅಂತ. ಎದುರಿನವರು ಇಬ್ರಿಯ 6ನ್ನು ತೆರೆಯುತ್ತಾರೆ, ರುಚಿ ನೋಡಿದ ಮೇಲೂ ಬಿದ್ದವರನ್ನು ತಿರುಗಿಸುವುದು ಅಸಾಧ್ಯ ಅಂತ. ಪುಟ ಗೊತ್ತಿದ್ದವರಿಗೆ ಈ ವಾದ ಎಷ್ಟು ಹೊತ್ತು ಬೇಕಾದರೂ ನಡೆಯುತ್ತದೆ.

1830ರ ದಶಕದಿಂದ ಇದಕ್ಕೆ ಮೂರನೇ ಉತ್ತರ ಬಂತು. ಜಾನ್ ನೆಲ್ಸನ್ ಡಾರ್ಬಿ ಎಂಬ ಪ್ರಸಂಗಿ, ಅಂತ್ಯಕ್ಕೆ ಮೊದಲಿನ ಮಹಾಸಂಕಟ ಬರುವ ಮೊದಲೇ ಸಭೆಯನ್ನು ಮೇಲಕ್ಕೆ ಒಯ್ಯಲಾಗುತ್ತದೆ ಎಂದು ಕಲಿಸಿದ. ಹಾಗಾದರೆ 'ಕಡೇವರೆಗೂ ತಾಳುವವನು' ಯಾರು? ಒಯ್ಯಲ್ಪಟ್ಟ ಮೇಲೆ ಭೂಮಿಯಲ್ಲಿ ಉಳಿದು ಸಂಕಟ ದಾಟುವವರು ಎಂದು ಈ ಪಂಥದ ಬಹಳ ಜನ ಓದುತ್ತಾರೆ. 1909ರ ಸ್ಕೋಫೀಲ್ಡ್ ಟಿಪ್ಪಣಿ ಬೈಬಲಿನ ಮೂಲಕ ಈ ಬೋಧನೆ ಲೋಕವೆಲ್ಲ ಹರಡಿತು. ಆ ಓದಿನಲ್ಲಿ ತಾಳುವ ಭಾರ ಬೇರೆಯವರ ಹೆಗಲಿಗೆ ಹೋಯಿತು. ನನಗೆ ಇದು ಸ್ವಲ್ಪ ಅನುಕೂಲದ ಓದು ಅನಿಸುತ್ತದೆ, ಸ್ಮುರ್ನದವರು ಕೇಳಿದ್ದರೆ ಏನನ್ನುತ್ತಿದ್ದರೋ.

ಒಂದು ಕಥೆಯನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಇಲ್ಲಿ ಮೃಗಗಳಿಲ್ಲ, ಚಕ್ರವರ್ತಿಯಿಲ್ಲ. ತಾಳಬೇಕಾಗಿ ಬಂದದ್ದು ಏನೂ ಆಗದೇ ಹೋದದ್ದನ್ನು.

ವಿಲಿಯಂ ಮಿಲ್ಲರ್ ನ್ಯೂಯಾರ್ಕ್ ರಾಜ್ಯದ ರೈತ. ಬೈಬಲಿನ ದಾನಿಯೇಲನ ಪುಸ್ತಕದ 8ನೇ ಅಧ್ಯಾಯದಲ್ಲಿ 2300 ದಿನಗಳ ಮಾತು ಬರುತ್ತದೆ. ದಿನವನ್ನು ವರ್ಷ ಅಂತ ಇಟ್ಟುಕೊಂಡು, ಕ್ರಿ.ಪೂ. 457ರಿಂದ ಎಣಿಸಿ, ಕ್ರಿಸ್ತ ಬರುವುದು 1843ರ ಆಸುಪಾಸು ಎಂದು ಲೆಕ್ಕ ಹಾಕಿದ. ಆ ಗಡುವು ದಾಟಿತು. ಅವನ ಜೊತೆಯವರು ಲೆಕ್ಕ ತಿದ್ದಿ 1844ರ ಅಕ್ಟೋಬರ್ 22 ಎಂದರು. ಮಿಲ್ಲರ್ ಕೊನೇ ಗಳಿಗೆಯಲ್ಲಿ ಒಪ್ಪಿದ. ಕೆಲವರು ಅಂಗಡಿ ಮುಚ್ಚಿದರು, ಕೆಲವರು ಬೆಳೆಯನ್ನು ಹೊಲದಲ್ಲೇ ಬಿಟ್ಟರು. ಆ ರಾತ್ರಿ ಹೈರಮ್ ಎಡ್ಸನ್ ಎಂಬಾತ ತನ್ನವರ ಜೊತೆ ಕಾದು ಕೂತ. ಹನ್ನೆರಡು ಹೊಡೆಯಿತು. ಬೆಳಗಾಗುವ ತನಕ ಅತ್ತೆವು, ಅತ್ತೆವು ಎಂದು ಆಮೇಲೆ ಬರೆದುಕೊಂಡ.

ಮಾರನೇ ಬೆಳಿಗ್ಗೆ ನಗುವವರು ಬೀದಿಯಲ್ಲಿ ಕಾಯುತ್ತಿದ್ದರು. ಇನ್ನೂ ಮೇಲೆ ಹೋಗಲಿಲ್ವಾ? ಬಹಳ ಜನ ಬಿಟ್ಟು ಹೋದರು. ಕೆಲವರು ದಿನ ಸರಿ, ನಾವು ಅದಕ್ಕೆ ಕೊಟ್ಟ ಅರ್ಥ ತಪ್ಪು ಎಂದು ಮತ್ತೆ ಬೈಬಲ್ ತೆರೆದರು. ಅವರಿಂದಲೇ 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ರೂಪುಗೊಂಡಿತು. ಆಲೂಗೆಡ್ಡೆ ಅಗೆಯದೆ ಬಿಟ್ಟಿದ್ದ ನ್ಯೂ ಹ್ಯಾಂಪ್‌ಷೈರಿನ ಒಬ್ಬ ರೈತನ ಕಥೆಯನ್ನು ಅವರಲ್ಲಿ ಈಗಲೂ ಹೇಳುತ್ತಾರೆ. ಆ ವರ್ಷ ಮೊದಲೇ ಅಗೆದವರ ಗೆಡ್ಡೆ ಕೊಳೆತುಹೋಯಿತಂತೆ, ಇವನದ್ದು ಮಾತ್ರ ಮಣ್ಣಿನಲ್ಲಿ ಚೆನ್ನಾಗಿ ಉಳಿದು ಒಳ್ಳೆ ಬೆಲೆಗೆ ಹೋಯಿತಂತೆ.

ಮಿಲ್ಲರ್ ಲೆಕ್ಕದಲ್ಲಿ ತಪ್ಪಿದೆ ಎಂದು ಒಪ್ಪಿಕೊಂಡ. ಕಾಯುವುದನ್ನು ಮಾತ್ರ ಬಿಡಲಿಲ್ಲ. 1849ರ ಡಿಸೆಂಬರಿನಲ್ಲಿ ತೀರಿಕೊಂಡ. ಲೋ ಹ್ಯಾಂಪ್ಟನ್‌ನಲ್ಲಿ ಅವನ ಸಮಾಧಿಯ ಕಲ್ಲಿದೆ. ಅದರ ಮೇಲೆ ಅದೇ ದಾನಿಯೇಲನ 8ನೇ ಅಧ್ಯಾಯದಿಂದ ಒಂದು ಸಾಲು ಕೆತ್ತಿದ್ದಾರೆ: ನೇಮಿಸಿದ ಕಾಲದಲ್ಲಿ ಅಂತ್ಯವಾಗುವುದು. ಪಕ್ಕದಲ್ಲಿ ತಾರೀಖು ಹಾಕಿರುವುದು ಅವನ ಸಾವಿಗೆ ಮಾತ್ರ.