ಔಷಧಿಗೆ ಮೊದಲು ಎರಿ ನೋಡಿ

ಜೇನುಪೆಟ್ಟಿಗೆಯಲ್ಲಿ ನೊಣ ಕಡಿಮೆಯಾಯಿತೆಂದರೆ ಕೈ ಮೊದಲು ಔಷಧಿಯತ್ತ ಹೋಗುತ್ತದೆ. ಹೋಗಬೇಕಾದದ್ದು ಎರಿಯತ್ತ, ಅಂದರೆ ಮರಿ-ಜೇನುತುಪ್ಪ ತುಂಬುವ ಮೇಣದ ಹಲ್ಲೆಯತ್ತ. ಸತ್ತಿರುವುದು ಮರಿಯೋ, ಬೆಳೆದ ನೊಣವೋ? ಮರಿಯಾದರೆ ಕೋಶ ಮುಚ್ಚುವ ಮೊದಲೋ, ಆಮೇಲೋ? ನೊಣವಾದರೆ ಬಾಗಿಲೆದುರು ರಾಶಿ ಬಿದ್ದಿದೆಯೋ, ಹೊರಗೆ ಹೋದದ್ದು ಮರಳಲೇ ಇಲ್ಲವೋ? ಇಷ್ಟು ನೋಡಿದರೆ ಅರ್ಧ ಸಂದೇಹ ಅಲ್ಲೇ ತೀರುತ್ತದೆ.

ಮುದುಡಿದ ರೆಕ್ಕೆಯ ಎಳೆ ನೊಣಗಳು ತಳಹಲಗೆಯ ಮೇಲೆ ತೆವಳುತ್ತಿದ್ದರೆ ಮೊದಲ ಅನುಮಾನ ವರೋವಾ ನುಸಿಯ ಮೇಲೆ. ಕೆಂಗಂದು ಬಣ್ಣ, ಸುಮಾರು 1.6 ಮಿ.ಮೀ. ಅಗಲ, ಏಡಿಯ ಹಾಗೆ ಉದ್ದಕ್ಕಿಂತ ಅಗಲವೇ ಹೆಚ್ಚು. ಇದು ಮೂಲದಲ್ಲಿ ತುಡುವೆ ಜೇನಿನ ಪರೋಪಜೀವಿ. ಅಲ್ಲಿ ಬಹುಮಟ್ಟಿಗೆ ಗಂಡುನೊಣದ ಕೋಶದಲ್ಲೇ ಮರಿ ಮಾಡುವುದರಿಂದ ಹತೋಟಿಯಲ್ಲಿರುತ್ತದೆ. ಮೆಲ್ಲಿಫೆರಾದಲ್ಲಿ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ಯುರೋಪಿನ ಜೇನಿನಲ್ಲಿ, ಕೆಲಸಗಾರ ನೊಣದ ಕೋಶವೂ ಅದಕ್ಕೆ ತೆರೆದ ಮನೆ. ತಾಯಿ ನುಸಿ ಕೋಶ ಮುಚ್ಚುವ ಮುಂಚೆ ಒಳಸೇರಿ, ಮುಚ್ಚಿದ 60–70 ಗಂಟೆಗೆ ಮೊದಲ ಮೊಟ್ಟೆಯಿಡುತ್ತದೆ, ಅದು ಗಂಡು. ಆಮೇಲೆ ಸುಮಾರು 30 ಗಂಟೆಗೊಂದು ಹೆಣ್ಣು. ಕೆಲಸಗಾರ ನೊಣದ ಕೋಶ 12 ದಿನ ಮುಚ್ಚಿರುತ್ತದೆ, ಗಂಡಿನದು 14–15. ಆ ಎರಡು-ಮೂರು ದಿನದ ಲಾಭಕ್ಕಾಗಿಯೇ ನುಸಿಗೆ ಗಂಡುಕೋಶ ಇಷ್ಟ. ಗೂಡು ಕುಸಿಯುವುದು ನುಸಿಯ ಕಡಿತವೊಂದರಿಂದಲ್ಲ, ಅದು ಹರಡುವ ರೆಕ್ಕೆ ಮುದುಡಿಸುವ ವೈರಸ್‌ನಿಂದಲೂ.

‘ಬೆನ್ನ ಮೇಲೆ ನುಸಿ ಕಾಣಲಿಲ್ಲ’ ಎನ್ನುವುದು ಸಮಾಧಾನದ ಮಾತಲ್ಲ. ಅದು ಹೊಟ್ಟೆಯಡಿಯ ಪದರಗಳ ಸಂದಿಯಲ್ಲಿ ಅಡಗಿರುತ್ತದೆ. ಎಣಿಸಿಯೇ ತಿಳಿಯಬೇಕು. ತೆರೆದ ಮರಿಗಳಿರುವ ಎರಿಯಲ್ಲಿ ರಾಣಿ ಇಲ್ಲವೆಂದು ಎರಡೆರಡು ಸಲ ಖಾತ್ರಿ ಮಾಡಿಕೊಂಡು, ಅರ್ಧ ಕಪ್ ನೊಣ ಒದರಿಕೊಳ್ಳಿ. ಮೆಲ್ಲಿಫೆರಾದಲ್ಲಿ ಅದು ಸುಮಾರು 300 ನೊಣ. 70 ಶೇಕಡಾ ಆಲ್ಕೊಹಾಲಿನಲ್ಲಿ ಮುಳುಗಿಸಿ ಒಂದು ನಿಮಿಷ ಕುಲುಕಿ, ಜಾಲರಿಯಲ್ಲಿ ಸೋಸಿ, ಕೆಳಗಿಳಿದ ನುಸಿ ಎಣಿಸಿ ಮೂರರಿಂದ ಭಾಗಿಸಿದರೆ ನೂರಕ್ಕೆಷ್ಟು ಎಂಬುದು ಸಿಗುತ್ತದೆ. ಮೂರು ತಲುಪಿದರೆ ತಡ ಮಾಡುವಂತಿಲ್ಲ. ಮುನ್ನೂರು ನೊಣ ಸಾಯುತ್ತವೆ, ನಿಜ; ಬಲವಾದ ಕುಟುಂಬದ ರಾಣಿ ದಿನಕ್ಕೆ ಅದಕ್ಕಿಂತ ಹೆಚ್ಚು ಮೊಟ್ಟೆಯಿಡುತ್ತಾಳೆ.

ನುಸಿ ಕೊಲ್ಲಲೆಂದು ಆಕ್ಸಾಲಿಕ್ ಆಮ್ಲ ಹಾಕಿದ ಮೇಲೂ ಎಣಿಕೆ ಇಳಿಯಲಿಲ್ಲ ಎಂಬ ದೂರಿಗೆ ಕಾರಣ ಸರಳ: ಅದು ಮೇಣದ ಮುಚ್ಚಳ ದಾಟುವುದಿಲ್ಲ, ಮರಿ ಇರುವ ಕಾಲದಲ್ಲಿ ನುಸಿಗಳ ಹೆಚ್ಚಿನ ಪಾಲು ಮುಚ್ಚಳದೊಳಗೇ ಇರುತ್ತದೆ. ರಾಣಿಯನ್ನು 24 ದಿನ ಪಂಜರದಲ್ಲಿಟ್ಟು, ಮರಿಯೆಲ್ಲ ಹೊರಬಂದ ಮೇಲೆ ಹಾಕಿದರೆ ಫಲ ಕಾಣುತ್ತದೆ. ಫಾರ್ಮಿಕ್ ಆಮ್ಲದ ಆವಿ ಮುಚ್ಚಳ ದಾಟುತ್ತದೆ, ಆದರೆ 30 ಡಿಗ್ರಿ ಮೀರಿದ ಬಿಸಿಲಲ್ಲಿ ರಾಣಿಯನ್ನೂ ಮರಿಯನ್ನೂ ಕೊಲ್ಲಬಹುದು. ಒಂದೇ ಔಷಧಿ ವರ್ಷವರ್ಷವೂ ಹಾಕಿದರೆ ನುಸಿ ಅದಕ್ಕೆ ಪಳಗುತ್ತದೆ. ಫ್ಲುವಾಲಿನೇಟ್ ಎಂಬ ನುಸಿನಾಶಕ ಹಲವು ಕಡೆ ಹೀಗೆಯೇ ಮೊಂಡಾಯಿತು.

ಎರಿಯ ಮೇಲೆ ಸರಸರ ಓಡುವ, ವರೋವಾಗಿಂತ ಸಣ್ಣ, ಉದ್ದುದ್ದ ನುಸಿ ಕಂಡರೆ ಅದು ಟ್ರೋಪಿಲೇಲಾಪ್ಸ್, ಹೆಜ್ಜೇನಿನಿಂದ ಬಂದದ್ದು. ಬೆಳೆದ ನೊಣದಿಂದ ಆಹಾರ ಪಡೆಯಲಾರದು. ಮರಿಯಿಲ್ಲದಿದ್ದರೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ರಾಣಿಯ ಪಂಜರ ಇಲ್ಲೂ ಒಳ್ಳೆಯ ಅಸ್ತ್ರ.

ಮುಚ್ಚಳ ಕುಸಿದು, ಒದ್ದೆಯಾದಂತೆ ಕಪ್ಪಿಟ್ಟು, ಅಲ್ಲಲ್ಲಿ ತೂತಾಗಿದ್ದರೆ ಕೋಶಕ್ಕೆ ಒಂದು ಕಡ್ಡಿ ಹಾಕಿ ತಿರುವಿ ಮೆಲ್ಲಗೆ ಎಳೆಯಿರಿ. ಕಂದು ಅಂಟು ಎರಡು ಸೆಂಟಿಮೀಟರ್‌ಗೂ ಮೀರಿ ದಾರದಂತೆ ಬಂದರೆ ಅಮೆರಿಕನ್ ಫೌಲ್‌ಬ್ರೂಡ್ (ಮರಿಯನ್ನು ಕೊಳೆಸುವ ಬ್ಯಾಕ್ಟೀರಿಯಾ ರೋಗ) ಎಂಬ ಶಂಕೆ ಬಲವಾಗುತ್ತದೆ; ಪ್ರಯೋಗಾಲಯಕ್ಕೆ ಮಾದರಿ ಕಳಿಸಿ. ಇದರ ಬೀಜಕಣಗಳು ದಶಕಗಟ್ಟಲೆ ಬದುಕುತ್ತವೆ. ಆ್ಯಂಟಿಬಯಾಟಿಕ್ ಬೀಜಕಣ ಕೊಲ್ಲುವುದಿಲ್ಲ, ಲಕ್ಷಣವನ್ನಷ್ಟೇ ಮುಚ್ಚಿಡುತ್ತದೆ. ಎರಿ, ಚೌಕಟ್ಟು ಸುಡುವುದು ನಷ್ಟವೆನಿಸಿದರೂ ಹಳೆಯ ಎರಿ ಪಕ್ಕದ ಪೆಟ್ಟಿಗೆಗೆ ಹೋಗುವುದು ಅದಕ್ಕಿಂತ ದೊಡ್ಡ ನಷ್ಟ. ಯುರೋಪಿಯನ್ ಫೌಲ್‌ಬ್ರೂಡ್‌ನಲ್ಲಿ ಮರಿ ಬಹುತೇಕ ಮುಚ್ಚುವ ಮೊದಲೇ ಹಳದಿಯಾಗಿ, ತಿರುಚಿಕೊಂಡು ಸಾಯುತ್ತದೆ. ಒಣಗಿದ ಸಿಪ್ಪೆ ಸುಲಭವಾಗಿ ಏಳುತ್ತದೆ. ರಾಣಿ ಬದಲಿಸಿ, ಆಹಾರ ಕೊಟ್ಟರೆ ಚೇತರಿಸಿಕೊಳ್ಳುವುದುಂಟು. ನೊಣದ ಕರುಳಿಗೆ ತಗಲುವ ನೊಸೆಮಾ ರೋಗದ ಬಗ್ಗೆ ಒಂದೇ ಮಾತು: ಬರಿಗಣ್ಣಿಗೆ ನಿಶ್ಚಯವಾಗದು, ಸೂಕ್ಷ್ಮದರ್ಶಕ ಬೇಕು.

ಕೀಟನಾಶಕದ ಪೆಟ್ಟು ಬೇರೆ ರೀತಿಯದು. ನಿನ್ನೆ ಗಟ್ಟಿಯಾಗಿದ್ದ ಕುಟುಂಬದ ಬಾಗಿಲೆದುರು ಇಂದು ನಾಲಿಗೆ ಚಾಚಿ ಸತ್ತ ನೊಣಗಳ ರಾಶಿ, ಉಳಿದವು ನಡುಗುತ್ತ ಸುತ್ತುತ್ತವೆ. ಪುಡಿ ಎರಚುವುದು ದ್ರವ ಸಿಂಪಡಿಸುವುದಕ್ಕಿಂತ ಅಪಾಯ. ಪರಾಗದೊಂದಿಗೆ ಗೂಡಿಗೇ ಬರುತ್ತದೆ. ಶಿಲೀಂಧ್ರನಾಶಕ ನಿರಪಾಯ ಎಂದುಕೊಳ್ಳುವುದೂ ತಪ್ಪು. ಪ್ರೊಪಿಕೊನಜೋಲ್‌ನಂಥ ಶಿಲೀಂಧ್ರನಾಶಕಗಳು ವಿಷ ಕರಗಿಸುವ ನೊಣದ ಶಕ್ತಿಯನ್ನೇ ಕುಂದಿಸುವುದರಿಂದ, ಅದರ ಜೊತೆ ಬೆರೆತ ಕೀಟನಾಶಕದ ಏಟು ಹೆಚ್ಚುತ್ತದೆ. ಹೂವಿರುವಾಗ ಸಿಂಪಡಿಸದಿರುವುದೇ ಸರಿ, ತಪ್ಪದಿದ್ದರೆ ಸೂರ್ಯ ಮುಳುಗಿದ ಮೇಲೆ. ಸಿಂಪಡಿಸುವಾಗ ನೊಣ ಹೊರಹೋಗದಂತೆ ಪೆಟ್ಟಿಗೆಗೆ ಒದ್ದೆ ಗೋಣಿ ಮುಚ್ಚುವುದಾದರೆ ಗಾಳಿಗೆ ಜಾಗ ಬಿಡಿ, ಇಲ್ಲವಾದರೆ ವಿಷಕ್ಕಿಂತ ಮೊದಲು ಸೆಕೆಯೇ ಕೊಲ್ಲುತ್ತದೆ. ಪರೀಕ್ಷೆಗೆ ಕಳಿಸುವುದಿದ್ದರೆ ಆಗತಾನೆ ಸತ್ತ ನೊಣ ಆರಿಸಿ ಕೂಡಲೇ ಫ್ರೀಜರ್‌ನಲ್ಲಿಡಿ. ಬಿಸಿಲಲ್ಲಿ ಒಣಗಿದ್ದರಲ್ಲಿ ವಿಷದ ಶೇಷ ಕರಗಿಹೋಗಿರಬಹುದು.